ಕೂರಿಗೆಯ ಬಟ್ಟಲು

ವಿಜಯಪುರದಿಂದ ತಿಕೋಟಾ, ಬಬಲೇಶ್ವರಗಳ ಕಡೆಗೆ ಹಬ್ಬಿದ ಎರೆಹೊಲಗಳಲ್ಲಿ ಹಿಂಗಾರಿ ಜೋಳದ ಬಿತ್ತನೆ ಒಂದು ಪುಟ್ಟ ಮರದ ಬಟ್ಟಲನ್ನು ನಂಬಿತ್ತು. ಕೂರಿಗೆಯ ಮೇಲೆ ಅದರ ಸ್ಥಾನ. ತಳದಲ್ಲಿ ತಾಳುಗಳಷ್ಟೇ ರಂಧ್ರಗಳು; ಒಂದೊಂದಕ್ಕೂ ಬಿದಿರಿನ ಕೊಳವೆ. ಉಡಿಯೊಳಗಿನ ಬೀಜವನ್ನು ಮುಷ್ಟಿಯಿಂದ ಬಟ್ಟಲಿಗೆ ಬಿಡುತ್ತ ನಡೆಯುವವಳು ಬಹುಮಟ್ಟಿಗೆ ಮನೆಯ ಹೆಣ್ಣುಮಗಳೇ. ಅವಳ ಬೆರಳು ತಡೆದರೆ ಸಾಲು ತೆಳುವಾಗುವುದು. ಬಡಿಗನ ರಂಧ್ರ ಓರೆಯಾದರೂ ಹಾಗೆಯೇ. ಮೊಳಕೆಯೊಡೆದಾಗ ಆ ಲೋಪ ಊರಿಗೆಲ್ಲ ಕಾಣುವುದು.

ಇದಕ್ಕೆ ಹಸಿಮರ ಸಲ್ಲದು. ಒಣಗುವಾಗ ಮರವು ಎಲ್ಲ ದಿಕ್ಕಿಗೂ ಸಮನಾಗಿ ಕುಗ್ಗುವುದಿಲ್ಲ. ದುಂಡಗೆ ಕಡೆದದ್ದು ಸೊಟ್ಟಗಾಗುತ್ತದೆ, ಇಲ್ಲವೆ ಸೀಳುತ್ತದೆ. ಕೆಡವಿದ ಮನೆಯ ತೊಲೆಯೋ ಮುರಿದ ಚಕ್ಕಡಿಯ ಜಾಲಿಕಟ್ಟಿಗೆಯೋ ಆದರೆ, ದಶಕಗಳ ಬಿಸಿಲುಂಡು ಕುಗ್ಗುವಷ್ಟು ಕುಗ್ಗಿರುತ್ತದೆ. ಮರ ವಿರಳವಾದ ನಮ್ಮ ಸೀಮೆಗೆ ಇದು ಒಗ್ಗಿದ ಜಾಣ್ಮೆ. ಬಡಿಗನಿಗೆ ಸುಗ್ಗಿಯಲ್ಲಿ ಆಯದ ಜೋಳ ಸಲ್ಲುತ್ತಿತ್ತು.

ಇಂಗ್ಲೆಂಡಿನ ಜೆಥ್ರೊ ಟುಲ್ ತನ್ನ ಬಿತ್ತನೆ ಯಂತ್ರವನ್ನು ರೂಪಿಸಿದ್ದು 1701ರ ಸುಮಾರಿಗೆ. ಕೂರಿಗೆ ಯುರೋಪಿನ ಹೊಸ ಶೋಧವೆಂದೇ ಭಾವಿಸಿದ್ದ ಕ್ಯಾಪ್ಟನ್ ಹಾಲ್ಕಾಟ್, ಅದೇ ಶತಮಾನದ ಕೊನೆಗೆ ದಕ್ಷಿಣ ಭಾರತದ ಹೊಲವೊಂದರಲ್ಲಿ ಅದನ್ನು ಕಂಡು ವಿವರವಾಗಿ ಬರೆದನು. ಆ ಬರಹವನ್ನು ಧರ್ಮಪಾಲರು 1971ರಲ್ಲಿ ಮತ್ತೆ ಬೆಳಕಿಗೆ ತಂದರು. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಬುಕಾನನ್ ಅದನ್ನು ಕನ್ನಡ ಹೆಸರಿನಿಂದಲೇ ದಾಖಲಿಸಿದನು. ಬಟ್ಟಲು ಕಡೆದವನ, ಬೀಜ ಬಿಟ್ಟವಳ ಹೆಸರುಗಳನ್ನು ಮಾತ್ರ ಇಂಥ ಬರಹಗಳಲ್ಲಿ ಹುಡುಕುವುದು ವ್ಯರ್ಥ.

ಈಗ ಟ್ರ್ಯಾಕ್ಟರ್ ಕೂರಿಗೆಗಳ ಕಾಲ. ನಿಮ್ಮ ಅಟ್ಟದಲ್ಲಿ ಅಂಥ ಬಟ್ಟಲಿದ್ದರೆ, ಒಲೆಗೆ ಹೋಗುವ ಮುನ್ನ ಇಳಿಸಿಕೊಳ್ಳಿ. ಕಡೆದವರು ಯಾರು, ಬಿತ್ತಿದವರು ಯಾರು ಎಂಬುದನ್ನು ಅಜ್ಜಿಯನ್ನು ಕೇಳಿ ಬರೆದಿಡಿ.