ರಾಟೆಗೆ ಲೆಕ್ಕ, ಒಲೆಗೆ ಇಲ್ಲ

ಗಂಜಾಂ ಅಂದ್ರೆ ನಿಮಿಷಾಂಬ ಗುಡಿ, ಕಾವೇರಿ ಹೊಳೆ, ಅಂಜೂರ... ನಮಗೆಲ್ಲ ನೆನಪಾಗೋದು ಇಷ್ಟೇ. ಟಿಪ್ಪು ಕಾಲದಲ್ಲಿ ಇದು ಶಿರಾದಿಂದ ಜನರನ್ನು ಕರೆತಂದು ಬೆಳೆಸಿದ ಪೇಟೆ.

1799ರಲ್ಲಿ ಟಿಪ್ಪು ಬಿದ್ದ. ಗೆದ್ದ ಸೀಮೆಯಲ್ಲಿ ಏನೇನು ಬೆಳೆಯುತ್ತೆ, ಏನೇನು ತಯಾರಾಗುತ್ತೆ ನೋಡಿ ಬಾ ಅಂತ ಗವರ್ನರ್ ಜನರಲ್ ವೆಲ್ಲೆಸ್ಲಿ ಕಳಿಸಿದ್ದು ಫ್ರಾನ್ಸಿಸ್ ಬುಕಾನನ್ ಅನ್ನೋ ವೈದ್ಯನನ್ನ. 1800ರಲ್ಲಿ ಆತ ಶ್ರೀರಂಗಪಟ್ಟಣಕ್ಕೂ ಬಂದ, ಬೆಂಗಳೂರನ್ನೂ ನೋಡಿದ. ಬೆಂಗಳೂರಿನ ಕಡೆ ಅವನು ಕಂಡಿದ್ದು ಇದು: ಬ್ರಾಹ್ಮಣರನ್ನು ಬಿಟ್ಟು ಮಿಕ್ಕ ಎಲ್ಲ ಜಾತಿಯ ಹೆಂಗಸರೂ ವಾರದ ಸಂತೆಯಲ್ಲಿ ಹತ್ತಿ ಕೊಂಡು, ಮನೆಯಲ್ಲಿ ನೂತು, ನೂಲನ್ನು ನೇಯುವವರಿಗೆ ಮಾರುತ್ತಿದ್ದರು.

ನೂಲು ಸಂತೆಗೆ ಬಂತು, ಹಾಗಾಗಿ ಪುಸ್ತಕಕ್ಕೂ ಬಂತು. ಅದೇ ಕೈ ರಾಗಿ ಬೀಸಿ, ಮುದ್ದೆ ಕಟ್ಟಿ, ಮಗು ಮಲಗಿಸಿತಲ್ಲ? ಅದಕ್ಕೆ ಸಂತೆ ಬೆಲೆ ಇಲ್ಲ, ಲೆಕ್ಕವೂ ಇಲ್ಲ. ಮುಂದೆ ಗಿರಣಿ ನೂಲು ಬಂದು ರಾಟೆ ಮೂಲೆ ಸೇರಿತು. ಲೆಕ್ಕದ ಪ್ರಕಾರ ಹೆಂಗಸಿನ ದುಡಿಮೆಯೇ ಹೋಯ್ತು. ಒಲೆ ಮಾತ್ರ ಆರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ 1949ರಲ್ಲಿ ರಾಷ್ಟ್ರೀಯ ಆದಾಯ ಸಮಿತಿ ರಚನೆಯಾಯ್ತು. ಮಹಲನೋಬಿಸ್ ಅಧ್ಯಕ್ಷರು, ಗಾಡ್ಗೀಳ್ ಮತ್ತು ವಿ.ಕೆ.ಆರ್.ವಿ. ರಾವ್ ಸದಸ್ಯರು. (1972ರಲ್ಲಿ ಬೆಂಗಳೂರಿನ ಐಸೆಕ್ ಸಂಸ್ಥೆ ಕಟ್ಟಿದವರು ಇದೇ ರಾವ್.) ಇವತ್ತಿನ ಜಿಡಿಪಿಯಲ್ಲೂ ಆ ಹಳೇ ಗೆರೆ ಹಾಗೇ ಇದೆ. ರೈತ ಮನೆಗೆ ಅಂತ ಇಟ್ಟುಕೊಂಡ ರಾಗಿ ಲೆಕ್ಕಕ್ಕೆ ಸೇರುತ್ತೆ. ವಿಶ್ವಸಂಸ್ಥೆಯ 1993ರ ನಿಯಮ ಹಿಡಿದರೆ, ಗಂಜಾಂನ ಹೆಂಗಸೊಬ್ಬಳು ಕಾವೇರಿಯಿಂದ ಹೊತ್ತು ತಂದ ಒಂದು ಕೊಡ ನೀರೂ ಉತ್ಪಾದನೆಯೇ! ಆ ನೀರಲ್ಲಿ ಆ ರಾಗಿ ಹಾಕಿ ಮುದ್ದೆ ಮಾಡಿದಳೋ, ಆ ಕೆಲಸ ಲೆಕ್ಕಕ್ಕಿಲ್ಲ. ಹೋಟೆಲಿನವನು ಮಾಡಿದರೆ ಮಾತ್ರ ಉಂಟು.

ಮನೆಗೆಲಸಕ್ಕೆ ಬೆಲೆ ಕಟ್ಟೋದು ಹೇಗೆ, ಕಟ್ಟಿದರೆ ನಿರುದ್ಯೋಗದ ಲೆಕ್ಕ ಏನಾಗಬೇಕು ಅಂತಾರೆ ಅರ್ಥಶಾಸ್ತ್ರಜ್ಞರು. ಸುಳ್ಳಲ್ಲ. ಆದರೆ ಹೊತ್ತನ್ನಂತೂ ಅಳೆಯಬಹುದು, ಅಳೆದೂ ಇದ್ದಾರೆ. 2019ರ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆ ಪ್ರಕಾರ, ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡ್ತಾರೆ. ಮಾಡುವ ಗಂಡಸರು 97. 2024ರ ಸಮೀಕ್ಷೆಯಲ್ಲಿ ಹೆಂಗಸರದು 289ಕ್ಕೆ ಇಳಿದಿದೆ. ಐದು ವರ್ಷಕ್ಕೆ ಹತ್ತು ನಿಮಿಷ!

ಈಗ ನಮ್ಮ ಕಡೆ ಹೆಣ್ಣುಮಕ್ಕಳು ಗಾರ್ಮೆಂಟ್ಸಿಗೆ ಹೋಗ್ತಾರೆ. ಅವರು ಹೊಲಿದ ಅಂಗಿ ಜಿಡಿಪಿಗೆ ಸೇರುತ್ತೆ. ದೇಶದ ಉತ್ಪಾದನೆ ಏರಿತು ಅಂತ ನಾವು ಓದ್ತೀವಿ. ಕತ್ತಲಲ್ಲೇ ಎದ್ದು ಮಾಡಿಟ್ಟು ಬಂದ ಅಡುಗೆ, ವಾಪಸ್ ಹೋಗಿ ತೊಳೆಯುವ ಪಾತ್ರೆ? ಇನ್ನೂರು ವರ್ಷದ ಹಿಂದಿನ ರಾಟೆಯ ಕಥೆಯೇ ಅಲ್ವಾ ಇದು? ಕೊಳ್ಳುವವನು ಇದ್ದರೆ ಮಾತ್ರ ಅವಳು ದುಡಿದ ಹಾಗೆ.

ನೀವೇನಂತೀರಿ?