ತಾಲ್ಲೂಕಿನ ಮಟ್ಟದಲ್ಲಿ ಲಿಂಗಸೂಕ್ಷ್ಮ ಆಯವ್ಯಯ: ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನಬಾಗೇವಾಡಿಗಳನ್ನು ಕುರಿತ ಒಂದು ಪರಿಶೀಲನೆ

1. ಪೀಠಿಕೆ

ಕರ್ನಾಟಕದ 2025-26ನೇ ಸಾಲಿನ ಆಯವ್ಯಯದ ಗಾತ್ರ 4,09,549 ಕೋಟಿ ರೂಪಾಯಿ. ಇದರಲ್ಲಿ ಮಹಿಳಾ ಉದ್ದೇಶಿತ ಕಾರ್ಯಕ್ರಮಗಳಿಗೆ ತೋರಿಸಿದ ಮೊತ್ತ 94,084 ಕೋಟಿ, ಅಂದರೆ ಒಟ್ಟು ಗಾತ್ರದ ಸುಮಾರು ಶೇ. 23. ಅಂಕಿ ದೊಡ್ಡದು. ಆದರೆ ಇಂಡಿಯ ಲಿಂಬೆ ತೋಟದಲ್ಲಿ ಕೂಲಿ ಮಾಡುವ ಹೆಣ್ಣುಮಗಳಿಗೆ, ಸಿಂದಗಿಯಿಂದ ಗುಳೆ ಹೋಗುವ ಕುಟುಂಬಕ್ಕೆ, ಆಲಮಟ್ಟಿಯ ಹಿನ್ನೀರಿನಲ್ಲಿ ಹೊಲ ಕಳೆದುಕೊಂಡ ಮನೆಯ ಹಿರಿಯಳಿಗೆ ಇದರಲ್ಲಿ ಸಂದದ್ದೆಷ್ಟು ಎಂಬ ಪ್ರಶ್ನೆಗೆ ಈ ಅಂಕಿಯಲ್ಲಿ ಉತ್ತರವಿಲ್ಲ. ರಾಜ್ಯದ ಲೆಕ್ಕ ಹಂಚಿಕೆಯ ಹಂತದಲ್ಲೇ ನಿಲ್ಲುತ್ತದೆ, ಫಲಾನುಭವಿಯ ಮನೆ ಬಾಗಿಲವರೆಗೆ ಬರುವುದಿಲ್ಲ.

ಈ ಲೇಖನದ ವಾದ ಇಷ್ಟು: ಕಲ್ಯಾಣ ಯೋಜನೆಗಳು ಹೆಣ್ಣು ಗಂಡು ಇಬ್ಬರಿಗೂ ನ್ಯಾಯವಾಗಿ ತಲುಪಬೇಕಾದರೆ ಲಿಂಗಸೂಕ್ಷ್ಮ ಆಯವ್ಯಯವನ್ನು ತಾಲ್ಲೂಕಿನ ಮಟ್ಟದಲ್ಲಿ ಬರೆಯಬೇಕು. ಅಲ್ಲಿ ಹಣದ ಜೊತೆಗೆ ಇನ್ನೂ ಮೂರನ್ನು ಅಳೆಯಬೇಕು: ಫಲಾನುಭವಿಯ ಸಮಯ, ಆಕೆ ನಡೆಯಬೇಕಾದ ದೂರ, ದಾಖಲೆಯಲ್ಲಿ ಆಕೆಯ ಹೆಸರು.

2. ಪರಿಕಲ್ಪನೆಯ ಹಿನ್ನೆಲೆ

ಸರ್ಕಾರದ ಖರ್ಚನ್ನು ಮಹಿಳೆಯರ ದೃಷ್ಟಿಯಿಂದ ಓದುವ ಅಧಿಕೃತ ಪ್ರಯತ್ನ 1984ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರುವಾಯಿತು. ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದ ನೀತಿ ಕೊನೆಗೊಂಡ ಮರುವರ್ಷವೇ, 1995ರಲ್ಲಿ, ಸಂಸದರೂ ನಾಗರಿಕ ಸಂಘಟನೆಗಳೂ ಕೂಡಿ ಮಹಿಳಾ ಬಜೆಟ್ ಉಪಕ್ರಮವನ್ನು ಕಟ್ಟಿದರು. ಅದೇ 1995ರಲ್ಲಿ ಕರ್ನಾಟಕ ಸರ್ಕಾರ ‘ಕರ್ನಾಟಕ ಮಹಿಳಾ ಅಭಿವೃದ್ಧಿ ಯೋಜನೆ’ಯ ಮೂಲಕ ಫಲಾನುಭವಿ ಆಧಾರಿತ ಕಾರ್ಯಕ್ರಮಗಳಲ್ಲಿ ಮೂರನೆಯ ಒಂದು ಭಾಗವನ್ನು ಮಹಿಳೆಯರಿಗೆ ಮೀಸಲಿಡುವಂತೆ ಇಲಾಖೆಗಳಿಗೆ ಹೇಳಿತು. ಹೊರಗಿನ ಪರಿಭಾಷೆ ಇಲ್ಲಿಗೆ ಬರುವ ಮೊದಲೇ ಈ ಚಿಂತನೆ ನಮ್ಮ ಆಡಳಿತದಲ್ಲಿ ಬೇರೂರಿತ್ತು ಎಂಬುದನ್ನು ನಾವು ಮರೆಯಬಾರದು.

ಕೇಂದ್ರ ಸರ್ಕಾರ 2005-06ರಿಂದ ಪ್ರತ್ಯೇಕ ಲಿಂಗ ಆಯವ್ಯಯ ವಿವರಣೆಯನ್ನು ಕೊಡುತ್ತಿದೆ. ಕರ್ನಾಟಕ 2007-08ರಲ್ಲಿ ಆರ್ಥಿಕ ಇಲಾಖೆಯಲ್ಲೇ ಒಂದು ಕೋಶ ತೆರೆದು ಮಹಿಳಾ ಉದ್ದೇಶಿತ ಆಯವ್ಯಯದ ಪುಸ್ತಕವನ್ನು ಹೊರತಂದಿತು. ಇದರಲ್ಲಿ ಎರಡು ವರ್ಗಗಳಿವೆ. ಪೂರ್ತಿ ಮಹಿಳೆಯರಿಗೇ ಮೀಸಲಾದ ಯೋಜನೆಗಳು ‘ಎ’ ವರ್ಗದಲ್ಲಿ, ಶೇ. 30ರಿಂದ 99ರಷ್ಟು ಪ್ರಯೋಜನ ಮಹಿಳೆಯರಿಗೆ ಸಲ್ಲುವ ಯೋಜನೆಗಳು ‘ಬಿ’ ವರ್ಗದಲ್ಲಿ ಬರುತ್ತವೆ.

ಈ ವರ್ಗೀಕರಣದ ಮಿತಿಗಳು ಎರಡು. ‘ಎ’ ವರ್ಗದ ಗಾತ್ರ ಒಂದೆರಡು ದೊಡ್ಡ ಯೋಜನೆಗಳ ಮೇಲೆ ನಿಂತಿದೆ. ಗೃಹಲಕ್ಷ್ಮಿಯೊಂದಕ್ಕೇ 2025-26ರಲ್ಲಿ ಇಟ್ಟದ್ದು ಸುಮಾರು 28,600 ಕೋಟಿ, ಅಂದರೆ ಇಡೀ ಮಹಿಳಾ ಆಯವ್ಯಯದ ಶೇ. 30. ಮನೆಯೊಡತಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ನೇರವಾಗಿ ಸೇರುವುದು ಸಣ್ಣ ಸಂಗತಿಯಲ್ಲ. ಆದರೆ ಮೊತ್ತ ಹೀಗೆ ಒಂದೇ ಕಡೆ ಸೇರಿದಾಗ ಕೃಷಿ, ನೀರಾವರಿ, ಸಾರಿಗೆಯಂಥ ಇಲಾಖೆಗಳು ತಮ್ಮ ಪಾಲಿನ ಪ್ರಶ್ನೆಗಳಿಂದ ಸುಲಭವಾಗಿ ಪಾರಾಗುತ್ತವೆ. ಎರಡನೆಯದಾಗಿ, ‘ಬಿ’ ವರ್ಗದ ಶೇಕಡಾವಾರು ಬಹುಮಟ್ಟಿಗೆ ಅಂದಾಜು. ಯೋಜನೆಯ ಮಾರ್ಗಸೂಚಿಯಲ್ಲಿ ಮೂರನೆಯ ಒಂದು ಭಾಗ ಎಂದಿದ್ದರೆ ಅದೇ ಆಯವ್ಯಯದ ಪುಸ್ತಕಕ್ಕೂ ಬರುತ್ತದೆ. ವರ್ಷದ ಕೊನೆಗೆ ನಿಜವಾಗಿ ಯಾರಿಗೆ ಸಂದಿತು ಎಂಬ ಲೆಕ್ಕ ಮುಂದಿನ ವರ್ಷದ ಅಂದಾಜನ್ನು ತಿದ್ದುವುದಿಲ್ಲ.

3. ನಾಲ್ಕು ತಾಲ್ಲೂಕುಗಳ ಸ್ಥಿತಿ

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ವಿಜಯಪುರ ಜಿಲ್ಲೆಯ ಈ ನಾಲ್ಕೂ ತಾಲ್ಲೂಕುಗಳು ಆ ಪಟ್ಟಿಯಲ್ಲಿವೆ. ಸಮಿತಿಯ ದೊಡ್ಡ ಕೊಡುಗೆಯೆಂದರೆ ಅಸಮಾನತೆಯನ್ನು ತಾಲ್ಲೂಕಿನ ಲೆಕ್ಕದಲ್ಲಿ ನೋಡುವುದನ್ನು ಸರ್ಕಾರಕ್ಕೆ ಕಲಿಸಿದ್ದು. ಅದರ ಶಿಫಾರಸಿನಂತೆ 2007-08ರಿಂದ ವಿಶೇಷ ಅಭಿವೃದ್ಧಿ ಯೋಜನೆಗೆ ಹಣ ಹರಿಯತೊಡಗಿತು. ಮಹಿಳಾ ಆಯವ್ಯಯದ ಪುಸ್ತಕ ಹುಟ್ಟಿದ್ದೂ ಅದೇ ವರ್ಷ. ಆದರೆ ಎರಡು ಲೆಕ್ಕಗಳೂ ಒಂದನ್ನೊಂದು ಸಂಧಿಸಲಿಲ್ಲ. ಒಂದು ತಾಲ್ಲೂಕನ್ನು ಕಂಡಿತು, ಹೆಣ್ಣನ್ನು ಬೇರೆಯಾಗಿ ಕಾಣಲಿಲ್ಲ. ಇನ್ನೊಂದು ಹೆಣ್ಣನ್ನು ಕಂಡಿತು, ಆಕೆಯ ತಾಲ್ಲೂಕನ್ನು ಕೇಳಲಿಲ್ಲ.

2001ರ ಲೆಕ್ಕದ ಮಾನವ ಅಭಿವೃದ್ಧಿ ಸೂಚ್ಯಂಕದಲ್ಲಿ ರಾಜ್ಯ 0.650ರಲ್ಲಿದ್ದರೆ ಜಿಲ್ಲೆ 0.589ರಲ್ಲಿತ್ತು. 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಸಾಕ್ಷರತೆ ಸುಮಾರು ಶೇ. 67; ಗಂಡಸರಲ್ಲಿ ಅದು ಶೇ. 77ರ ಆಸುಪಾಸಿನಲ್ಲಿದ್ದರೆ ಹೆಂಗಸರಲ್ಲಿ ಶೇ. 57ರ ಆಸುಪಾಸು. ಕಲಬುರಗಿಗೆ ಹೊಂದಿಕೊಂಡಿದ್ದರೂ ಈ ಜಿಲ್ಲೆ ಸಂವಿಧಾನದ 371(ಜೆ) ವಿಧಿಯ ವ್ಯಾಪ್ತಿಗೆ ಸೇರಿಲ್ಲ. ಭೀಮೆಯ ಆಚೆ ದಂಡೆಯ ಅಫಜಲಪುರಕ್ಕೆ ಸಿಗುವ ವಿಶೇಷ ಅನುದಾನ ಈಚೆಯ ಸಿಂದಗಿ, ಇಂಡಿಗಳಿಗೆ ಇಲ್ಲ.

ಈಗ ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರ ಹಿಪ್ಪರಗಿ ಮತ್ತು ಆಲಮೇಲ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಸವನಬಾಗೇವಾಡಿಯಿಂದ ನಿಡಗುಂದಿ ಮತ್ತು ಕೊಲ್ಹಾರ ಬೇರೆ ತಾಲ್ಲೂಕುಗಳಾಗಿವೆ. ಹಳೆಯ ಅಂಕಿ ಅಂಶಗಳೆಲ್ಲ ಹಳೆಯ ಗಡಿಗೆ ಸೇರಿದವು. ಹೊಸ ಗಡಿಗೆ ಹೊಸ ಲೆಕ್ಕ ಬರೆಯಲೇಬೇಕಿರುವ ಈ ಹೊತ್ತಿನಲ್ಲಿ ಹೆಣ್ಣು ಗಂಡಿನ ಲೆಕ್ಕವನ್ನೂ ಬಿಡಿಸಿ ಬರೆಯುವುದು ಕಷ್ಟವಲ್ಲ.

4. ಸಮಯ: ಉದ್ಯೋಗ ಖಾತರಿಯ ಪಾಠ

2005ರ ಉದ್ಯೋಗ ಖಾತರಿ ಕಾಯ್ದೆ ಲಿಂಗ ನ್ಯಾಯವನ್ನು ಯೋಜನೆಯ ಒಳಗೇ ಬರೆದ ಅಪರೂಪದ ಕಾಯ್ದೆ. ಫಲಾನುಭವಿಗಳಲ್ಲಿ ಕನಿಷ್ಠ ಮೂರನೆಯ ಒಂದು ಭಾಗ ಮಹಿಳೆಯರು, ಇಬ್ಬರಿಗೂ ಸಮಾನ ಕೂಲಿ, ಐದು ಕಿಲೋಮೀಟರ್ ಒಳಗೆ ಕೆಲಸ, ದೂರವಾದರೆ ಶೇ. 10 ಹೆಚ್ಚು ಕೂಲಿ, ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳಿದ್ದರೆ ನೋಡಿಕೊಳ್ಳಲು ಒಬ್ಬಾಕೆ: ಇವೆಲ್ಲ ಅದರ ನಿಯಮಗಳಾಗಿದ್ದವು. ಖಾಸಗಿ ಹೊಲದಲ್ಲಿ ಹೆಣ್ಣಾಳಿಗೆ ಒಂದು ಕೂಲಿ, ಗಂಡಾಳಿಗೆ ಇನ್ನೊಂದು ಕೂಲಿ ಎಂಬ ರೂಢಿಯಿರುವ ಈ ಭಾಗದಲ್ಲಿ ಬದುವಿನ ಕೆಲಸಕ್ಕೆ ಇಬ್ಬರ ಖಾತೆಗೂ ಒಂದೇ ಮೊತ್ತ ಬಂದದ್ದು ದೊಡ್ಡ ಬದಲಾವಣೆ.

ಆದರೆ ಕೆಲಸದ ದಿನವನ್ನು ಹೆಣ್ಣಿನ ಕಡೆಯಿಂದ ನೋಡಬೇಕು. ಆಕೆ ನಸುಕಿನಲ್ಲಿ ನೀರು ತುಂಬಿ, ರೊಟ್ಟಿ ಬಡಿದು, ಮಕ್ಕಳನ್ನು ಸಾಲಿಗೆ ಕಳಿಸಿ ಕೆಲಸದ ಜಾಗಕ್ಕೆ ಹೋಗಬೇಕು. ಹಾಜರಿಯನ್ನು ದಿನಕ್ಕೆ ಎರಡು ಸಲ ಫೋಟೊ ತೆಗೆದು ಆ್ಯಪ್‌ಗೆ ಏರಿಸುವ ಪದ್ಧತಿ ಬಂದ ಮೇಲೆ, ತನ್ನ ಪಾಲಿನ ಮಣ್ಣು ತೆಗೆದು ಮುಗಿಸಿದ್ದರೂ ಎರಡನೆಯ ಫೋಟೊದವರೆಗೆ ಅಲ್ಲೇ ಕಾಯಬೇಕಾಯಿತು. ಮನೆಯಲ್ಲಿ ಕೂಸು ಇರುವವಳಿಗೆ ಈ ಕಾಯುವಿಕೆಯೇ ಕೆಲಸ ಬಿಡಲು ಕಾರಣವಾಗಬಲ್ಲದು. ಪಂಚಾಯಿತಿವಾರು ಮಹಿಳಾ ಮಾನವ ದಿನಗಳು ದಾಖಲಾಗುತ್ತವೆ. ಕೆಲಸ ಬೇಕಿದ್ದೂ ಬರಲಾಗದೆ ಹೋದವಳು ಯಾವ ಅಂಕಣದಲ್ಲೂ ಸಿಗುವುದಿಲ್ಲ.

2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆ ಇದನ್ನು ಅಂಕಿಯಲ್ಲಿ ತೋರಿಸಿದೆ. ಮನೆಗೆಲಸದಲ್ಲಿ ತೊಡಗಿದ ಹೆಣ್ಣು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟರೆ ಗಂಡು ಕೊಡುವುದು 97 ನಿಮಿಷ. ಈ ಐದು ಗಂಟೆಗಳಿಗೆ ಆಯವ್ಯಯದಲ್ಲಿ ಬೆಲೆಯಿಲ್ಲ, ಆದರೆ ಪ್ರತಿ ಯೋಜನೆಯೂ ಅವುಗಳ ಮೇಲೇ ನಿಂತಿದೆ. 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆ ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲೇ ಮಧ್ಯಾಹ್ನದ ಬಿಸಿಯೂಟ ಕೊಡುತ್ತದೆ. ಊಟ ಪೌಷ್ಟಿಕವಾದದ್ದು, ಉದ್ದೇಶ ಒಳ್ಳೆಯದು. ಆದರೆ ಹೊಲದ ವಸತಿಯಲ್ಲಿರುವ ಗರ್ಭಿಣಿ ಬಿಸಿಲಲ್ಲಿ ಊರೊಳಗಿನ ಅಂಗನವಾಡಿಗೆ ನಡೆದು ಬಂದು ಹೋಗುವ ಶ್ರಮವನ್ನು ಯೋಜನೆಯ ವೆಚ್ಚದಲ್ಲಿ ಯಾರೂ ಸೇರಿಸಲಿಲ್ಲ.

ನಿಯಮವನ್ನು ಸ್ಥಳಕ್ಕೆ ತಕ್ಕಂತೆ ಬಾಗಿಸಬಹುದು ಎಂಬುದಕ್ಕೂ ನಿದರ್ಶನಗಳಿವೆ. ಬೆಳಗಾವಿ ಮತ್ತು ಕಲಬುರಗಿ ವಿಭಾಗಗಳಲ್ಲಿ ಬೇಸಿಗೆಯಲ್ಲಿ ಕೂಲಿ ಕಡಿಮೆ ಮಾಡದೆ ಕೆಲಸದ ಪ್ರಮಾಣದಲ್ಲಿ ರಿಯಾಯಿತಿ ಕೊಡಲಾಯಿತು. 2023-24ರಲ್ಲಿ ಗ್ರಾಮ ಪಂಚಾಯಿತಿಗಳಿಗೆ, ಕೂಲಿಗೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುವ ‘ಕೂಸಿನ ಮನೆ’ಗಳು ಬಂದವು. ಇವು ಲಿಂಗಸೂಕ್ಷ್ಮ ಆಯವ್ಯಯದ ಒಳ್ಳೆಯ ಮಾದರಿಗಳು, ಏಕೆಂದರೆ ಇಲ್ಲಿ ಹಣ ಹೆಣ್ಣಿನ ಸಮಯವನ್ನು ಬಿಡುಗಡೆ ಮಾಡುತ್ತದೆ. ಕೂಸಿನ ಮನೆ ತೆರೆದಿರುವ ಗಂಟೆ ಕೂಲಿಯ ಗಂಟೆಗೆ ಹೊಂದುತ್ತದೆಯೇ ಎಂಬುದನ್ನು ಪ್ರತಿ ಸಾಮಾಜಿಕ ಪರಿಶೋಧನೆಯೂ ಕೇಳಬೇಕು.

5. ದಾಖಲೆ: ಉತಾರದಲ್ಲಿ ಹೆಸರು

ಈ ಭಾಗದಲ್ಲಿ ಪಹಣಿಗೆ ಉತಾರ ಎನ್ನುತ್ತಾರೆ. ಬೀಜ, ಗೊಬ್ಬರ, ಕೃಷಿ ಹೊಂಡ, ಹನಿ ನೀರಾವರಿ, ಬೆಳೆ ವಿಮೆ, ಬೆಳೆ ಪರಿಹಾರ, ಪಿಎಂ ಕಿಸಾನ್: ಎಲ್ಲಕ್ಕೂ ಉತಾರ ಬೇಕು, ಉತಾರಕ್ಕೆ ಜೋಡಿಸಿದ ಎಫ್‌ಐಡಿ ಎಂಬ ರೈತ ಗುರುತಿನ ಸಂಖ್ಯೆ ಬೇಕು. 2015-16ರ ಕೃಷಿ ಗಣತಿಯಂತೆ ದೇಶದ ಹಿಡುವಳಿಗಳಲ್ಲಿ ಮಹಿಳೆಯರ ಹೆಸರಿನಲ್ಲಿದ್ದದ್ದು ಸುಮಾರು ಶೇ. 14 ಮಾತ್ರ. ಬಿಳಿಜೋಳ ಕೊಯ್ಯುವವಳು, ತೊಗರಿ ಕಳೆ ತೆಗೆಯುವವಳು, ಲಿಂಬೆ ಆರಿಸುವವಳು ಹೆಣ್ಣು. ಕೃಷಿ ಇಲಾಖೆಯ ದಾಖಲೆಯಲ್ಲಿ ರೈತ ಗಂಡು. ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಆ ಹೆಸರಿನಿಂದ ಬರುವ ಲಾಭವೂ ತೋಟದ ಉತಾರವನ್ನೇ ಹಿಂಬಾಲಿಸುತ್ತದೆ.

ಕಾನೂನು ಹೆಣ್ಣಿನ ಕಡೆಗಿಲ್ಲವೆಂದಲ್ಲ. 1994ರಲ್ಲೇ ಕರ್ನಾಟಕದ ತಿದ್ದುಪಡಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟಿತು. ಕೇಂದ್ರದ ತಿದ್ದುಪಡಿ ಬಂದದ್ದು 2005ರಲ್ಲಿ. ಆದರೂ ವಾರಸಾ ಮಾಡಿಸುವಾಗ ಅಕ್ಕತಂಗಿಯರಿಂದ ಹಕ್ಕು ಬಿಟ್ಟುಕೊಟ್ಟ ಪತ್ರ ಬರೆಸಿಕೊಳ್ಳುವ ರೂಢಿ ಉಳಿದಿದೆ. ವಸತಿ ಯೋಜನೆಗಳಲ್ಲಿ ಮನೆಯನ್ನು ಮಹಿಳೆಯ ಹೆಸರಿಗೇ ಮಂಜೂರು ಮಾಡಬೇಕೆಂಬ ನಿಯಮ ಬಂದ ಮೇಲೆ ಮನೆಯ ಹಕ್ಕುಪತ್ರದಲ್ಲಿ ಆಕೆಯ ಹೆಸರು ಬಂತು. ಯೋಜನೆಯ ನಿಯಮ ಬದಲಾದರೆ ದಾಖಲೆಯೂ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಈ ಪ್ರಶ್ನೆ ಅತ್ಯಂತ ತುರ್ತಾಗಿರುವುದು ಕೃಷ್ಣಾ ಮೇಲ್ದಂಡೆ ಯೋಜನೆಯಲ್ಲಿ. ಆಲಮಟ್ಟಿ ಅಣೆಕಟ್ಟಿನ ಎತ್ತರವನ್ನು 524.256 ಮೀಟರಿಗೆ ಏರಿಸಿದರೆ 75 ಸಾವಿರಕ್ಕೂ ಹೆಚ್ಚು ಎಕರೆ ಮುಳುಗಡೆಯಾಗುತ್ತದೆ. 2025ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ ಎಕರೆಗೆ ನೀರಾವರಿ ಜಮೀನಿಗೆ 40 ಲಕ್ಷ, ಒಣಬೇಸಾಯದ ಜಮೀನಿಗೆ 30 ಲಕ್ಷ ಪರಿಹಾರ ನಿಗದಿ ಮಾಡಿತು. ಈ ಹಣ ಉತಾರದ ಹೆಸರಿಗೆ ಹೋಗುತ್ತದೆ. ಒಂದು ಪೀಳಿಗೆಯಲ್ಲಿ ಒಮ್ಮೆ ಮಾತ್ರ ಬರುವ ಇಂಥ ಪರಿಹಾರ ಗಂಡ ಹೆಂಡತಿಯ ಜಂಟಿ ಖಾತೆಗೆ ಬರುವುದೋ ಒಬ್ಬನ ಖಾತೆಗೆ ಬರುವುದೋ ಎಂಬುದು ತಿಂಗಳ ಸಹಾಯಧನಕ್ಕಿಂತ ಹೆಚ್ಚಾಗಿ ಆ ಮನೆಯ ಹೆಣ್ಣುಮಕ್ಕಳ ಭವಿಷ್ಯವನ್ನು ನಿರ್ಧರಿಸುತ್ತದೆ. ನೀರಾವರಿಯ ಖರ್ಚನ್ನೂ ಲಿಂಗದೃಷ್ಟಿಯಿಂದ ಓದಬೇಕು ಎನ್ನುವುದು ಇದಕ್ಕಾಗಿಯೇ.

6. ದೂರ: ಶೂನ್ಯ ಟಿಕೆಟ್ ಹೇಳುವ ಮಾಹಿತಿ

2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಲ್ಲಿ ಮಹಿಳೆ ಬಸ್ಸು ಹತ್ತಿದಾಗ ನಿರ್ವಾಹಕ ಶೂನ್ಯ ಮೊತ್ತದ ಟಿಕೆಟ್ ಕೊಡುತ್ತಾನೆ. ಎಲ್ಲಿ ಹತ್ತಿದಳು, ಎಲ್ಲಿ ಇಳಿದಳು, ಎಷ್ಟು ಹೊತ್ತಿಗೆ ಎಂಬುದು ಆ ಚೀಟಿಯಲ್ಲೇ ಇರುತ್ತದೆ. ನಿಗಮ ಸರ್ಕಾರದಿಂದ ಹಣ ಪಡೆಯಲು ಈ ಚೀಟಿಗಳನ್ನು ಎಣಿಸುತ್ತದೆ. ಅವನ್ನೇ ಹಳ್ಳಿವಾರು ಓದಿದರೆ ಯಾವ ಊರಿನ ಹೆಂಗಸರು ಹೆರಿಗೆ ಆಸ್ಪತ್ರೆಗೆ, ಕಾಲೇಜಿಗೆ, ಸಂತೆಗೆ ಹೋಗುತ್ತಾರೆ, ಯಾವ ಊರಿನಿಂದ ಒಬ್ಬರೂ ಹೊರಬರುವುದಿಲ್ಲ ಎಂಬ ನಕ್ಷೆ ಸಿಗುತ್ತದೆ. ಬಸ್ಸೇ ಬರದ ಊರಿಗೆ ಉಚಿತ ಪ್ರಯಾಣದಿಂದ ಪ್ರಯೋಜನವಿಲ್ಲ. ಸಂಜೆಯ ಕೊನೆಯ ಬಸ್ಸಿನ ಹೊತ್ತು ನೋಡಿಯೇ ಮಗಳನ್ನು ಪದವಿಗೆ ಕಳಿಸಬೇಕೋ ಬೇಡವೋ ಎಂದು ತೀರ್ಮಾನಿಸುವ ಮನೆಗಳಿವೆ. 2003ರಿಂದ ಮಹಿಳೆಯರಿಗೆಂದೇ ವಿಶ್ವವಿದ್ಯಾಲಯವಿರುವ ಈ ಜಿಲ್ಲೆಯಲ್ಲಿ ಮಾರ್ಗದ ವೇಳಾಪಟ್ಟಿಯೂ ಶಿಕ್ಷಣದ ಖರ್ಚೇ.

7. ಗಂಡಸರ ಪಾಲು

ಲಿಂಗ ನ್ಯಾಯವೆಂದರೆ ಮಹಿಳೆಯರ ಪಟ್ಟಿ ಉದ್ದ ಮಾಡುವುದಲ್ಲ. ಗುಳೆ ಹೋಗಿ ಗೋವಾದ ಕಟ್ಟಡಗಳಲ್ಲಿ ಅಥವಾ ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಲ್ಲಿ ದುಡಿಯುವ ಗಂಡಸು ತನ್ನ ಊರಿನ ಆರೋಗ್ಯ ಶಿಬಿರಕ್ಕೂ ಸಿಗುವುದಿಲ್ಲ, ಅಲ್ಲಿಯ ಆಸ್ಪತ್ರೆಯ ಪಟ್ಟಿಯಲ್ಲೂ ಇರುವುದಿಲ್ಲ. ಹೆಂಡತಿ ತೀರಿಕೊಂಡು ಸಣ್ಣ ಮಕ್ಕಳನ್ನು ಸಾಕುವವನಿಗೆ ವಿಧವಾ ವೇತನದಂಥ ಆಸರೆಯಿಲ್ಲ. ಅಂಗನವಾಡಿಯ ಸಭೆಗೆ ತಾಯಂದಿರನ್ನಷ್ಟೇ ಕರೆಯುವುದರಿಂದ ಮಕ್ಕಳ ಪಾಲನೆ ತಾಯಿಯ ಕೆಲಸವೆಂಬ ನಂಬಿಕೆಯನ್ನು ಸರ್ಕಾರವೇ ಗಟ್ಟಿ ಮಾಡುತ್ತದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ವಿವಾಹಿತ ಮಹಿಳೆಯರಲ್ಲಿ ಶೇ. 57.4ರಷ್ಟು ಮಂದಿ ಸ್ತ್ರೀ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೇ ನೆಚ್ಚಿದ್ದಾರೆ; ಪುರುಷ ಶಸ್ತ್ರಚಿಕಿತ್ಸೆಯ ಪ್ರಮಾಣ ಸೊನ್ನೆಯ ಹತ್ತಿರ. ಜವಾಬ್ದಾರಿ ಹಂಚಿಕೊಳ್ಳಲು ಗಂಡಸನ್ನು ಕರೆಯುವ ಖರ್ಚೂ ಲಿಂಗಸೂಕ್ಷ್ಮ ಖರ್ಚೇ.

8. ಸಲಹೆಗಳು ಮತ್ತು ಉಪಸಂಹಾರ

ಮೊದಲನೆಯದಾಗಿ, ಜಿಲ್ಲಾ ವಲಯದ ಹಂಚಿಕೆಯನ್ನು ತೋರಿಸುವ ಲಿಂಕ್ ದಾಖಲೆಯ ಜೊತೆ ಪ್ರತಿ ತಾಲ್ಲೂಕಿಗೂ ಒಂದು ಲಿಂಗ ವಿವರಣೆ ಇರಬೇಕು. ಹಿಂದಿನ ವರ್ಷ ಪ್ರತಿ ಯೋಜನೆಯ ಫಲ ಎಷ್ಟು ಹೆಣ್ಣು, ಎಷ್ಟು ಗಂಡಿಗೆ, ಯಾರ ಹೆಸರಿನ ಖಾತೆಗೆ ಸಂದಿತು ಎಂಬುದನ್ನು ಅದು ಹೇಳಬೇಕು. ಎರಡನೆಯದಾಗಿ, ‘ಬಿ’ ವರ್ಗದ ಶೇಕಡಾವಾರು ಈ ವಿವರಣೆಯಿಂದಲೇ ಬರಬೇಕು. ಮೂರನೆಯದಾಗಿ, ಮುಳುಗಡೆ ಪರಿಹಾರವೂ ಕೃಷಿ ಸಹಾಯಧನವೂ ಜಂಟಿ ಹೆಸರಿಗೆ ಸಲ್ಲಬೇಕು. ನಾಲ್ಕನೆಯದಾಗಿ, ಗ್ರಾಮ ಪಂಚಾಯಿತಿಯ ಕ್ರಿಯಾಯೋಜನೆ ಅಂತಿಮವಾಗುವ ಮೊದಲೇ ಮಹಿಳಾ ಗ್ರಾಮಸಭೆ ನಡೆಯಬೇಕು, ಅಲ್ಲಿನ ಬೇಡಿಕೆಗಳಿಗೆ ಲಿಖಿತ ಉತ್ತರ ಸಿಗಬೇಕು. ಐದನೆಯದಾಗಿ, ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯರು ಈ ಲೆಕ್ಕವನ್ನು ವರ್ಷವರ್ಷವೂ ಪರಿಶೀಲಿಸುವ ಹೊಣೆ ಹೊರಬಹುದು.

ಇವೆಲ್ಲ ನಡೆಯಬೇಕಾದರೆ ಕೇಳುವವರು ಬೇಕು. 1987ರಲ್ಲಿ ಶೇ. 25 ಮಹಿಳಾ ಮೀಸಲಾತಿಯೊಂದಿಗೆ ಪಂಚಾಯತ್ ಚುನಾವಣೆ ನಡೆಸಿ ದೇಶಕ್ಕೆ ದಾರಿ ತೋರಿದ ರಾಜ್ಯ ನಮ್ಮದು. 2010ರಲ್ಲಿ ಆ ಪ್ರಮಾಣ ಶೇ. 50ಕ್ಕೆ ಏರಿತು. ಆದರೆ 2021ರಲ್ಲಿ ಅವಧಿ ಮುಗಿದ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳು ವರ್ಷಗಟ್ಟಲೆ ಚುನಾವಣೆಯಿಲ್ಲದೆ ಆಡಳಿತಾಧಿಕಾರಿಗಳ ಕೈಯಲ್ಲಿ ಉಳಿದವು. ತಾಲ್ಲೂಕಿನ ಆಯವ್ಯಯವನ್ನು ಪ್ರಶ್ನಿಸಬೇಕಿದ್ದ ಅರ್ಧದಷ್ಟು ಹೆಣ್ಣುಮಕ್ಕಳ ಕುರ್ಚಿ ಖಾಲಿಯಿದ್ದಾಗ ಯಾವ ವಿವರಣಾ ಪುಸ್ತಕವೂ ಅವರ ಜಾಗ ತುಂಬಲಾರದು. ಹೊಸ ವರ್ಗೀಕರಣವನ್ನೂ ಹೊಸ ಯೋಜನೆಯನ್ನೂ ಘೋಷಿಸುವ ಮುನ್ನ ಸರ್ಕಾರ ಈ ಚುನಾವಣೆಗಳನ್ನು ಕಾಲಕಾಲಕ್ಕೆ ನಡೆಸಲಿ, ಆಯ್ಕೆಯಾಗಿ ಬಂದವರ ಕೈಗೆ ತಾಲ್ಲೂಕಿನ ಲೆಕ್ಕವನ್ನು ಕೊಡಲಿ.