ಕೆಲಸ ಮಂಗಳೂರಿನಲ್ಲಿ, ಮನೆ ಎಲ್ಲಿ? ನದಿ, ಗಡಿ ದಾಟುವ ಮೊದಲು ನೋಡಬೇಕಾದ ಸಂಗತಿಗಳು

ಮಂಗಳೂರಿನ ಅಂಗಡಿ, ಆಸ್ಪತ್ರೆ, ಕಚೇರಿಗಳಲ್ಲಿ ಕೆಲಸ ಮಾಡುವ ನಮ್ಮ ಸಮುದಾಯದ ಯುವಕರಲ್ಲಿ ಬಹಳಷ್ಟು ಮಂದಿಯ ಮನೆ ನಗರದೊಳಗಿಲ್ಲ. ತೊಕ್ಕೊಟ್ಟು, ದೇರಳಕಟ್ಟೆ, ಕೆ.ಸಿ.ರೋಡ್, ಕುಂಜತ್ತೂರು, ಉಪ್ಪಳ, ಕುಂಬಳೆ, ಆ ಕಡೆ ಫರಂಗಿಪೇಟೆ, ಕೃಷ್ಣಾಪುರ, ಕಾಟಿಪಳ್ಳ – ಹೀಗೆ ಹರಡಿಕೊಂಡಿದ್ದಾರೆ. ಮದುವೆಯಾಗಿ ಬೇರೆ ಮನೆ ಮಾಡುವಾಗ, ಗಲ್ಫ್‌ನಿಂದ ಮರಳಿ ಊರಿನಲ್ಲೇ ಕೆಲಸ ಹುಡುಕುವಾಗ, ಮಕ್ಕಳನ್ನು ಶಾಲೆಗೆ ಸೇರಿಸುವಾಗ ‘ಮನೆ ಎಲ್ಲಿ ಮಾಡುವುದು?’ ಎಂಬ ಪ್ರಶ್ನೆ ಏಳುತ್ತದೆ. ಹೆಚ್ಚಿನವರು ನೋಡುವುದು ಎರಡನ್ನು: ಬಾಡಿಗೆ ಎಷ್ಟು, ಕಿಲೋಮೀಟರ್ ಎಷ್ಟು. ಮಂಗಳೂರಿನ ಮಟ್ಟಿಗೆ ಈ ಎರಡು ಲೆಕ್ಕ ಸಾಕಾಗುವುದಿಲ್ಲ. ದಾರಿಯಲ್ಲಿ ಯಾವ ನದಿ, ಯಾವ ಜಂಕ್ಷನ್, ಯಾವ ಗಡಿ ದಾಟಬೇಕು ಎಂಬುದರ ಮೇಲೆ ದಿನದ ಎರಡು ಗಂಟೆ ಉಳಿಯುವುದೂ ಉಂಟು, ಹೋಗುವುದೂ ಉಂಟು.

ಸೇತುವೆಯ ಲೆಕ್ಕ

ಮಂಗಳೂರು ನಗರ ಎರಡು ನದಿಗಳ ನಡುವೆ ಕುಳಿತಿದೆ. ದಕ್ಷಿಣಕ್ಕೆ ನೇತ್ರಾವತಿ, ಉತ್ತರಕ್ಕೆ ಫಲ್ಗುಣಿ ಅಂದರೆ ಗುರುಪುರ ನದಿ. ಉಳ್ಳಾಲ, ತೊಕ್ಕೊಟ್ಟು, ದೇರಳಕಟ್ಟೆ, ತಲಪಾಡಿ, ಕಾಸರಗೋಡು ಕಡೆಯಿಂದ ನಗರಕ್ಕೆ ಬರುವ ಬಹುತೇಕ ಎಲ್ಲ ವಾಹನಗಳೂ ಜೆಪ್ಪಿನಮೊಗರಿನ ನೇತ್ರಾವತಿ ಸೇತುವೆಯ ಮೇಲೇ ಬರಬೇಕು. ಸೇತುವೆಯಲ್ಲಿ ಒಂದು ಲಾರಿ ಕೆಟ್ಟು ನಿಂತರೆ ತೊಕ್ಕೊಟ್ಟಿನವನಿಗೂ ಲೇಟ್, ಉಪ್ಪಳದವನಿಗೂ ಲೇಟ್. ತೊಕ್ಕೊಟ್ಟು ಮೇಲ್ಸೇತುವೆ 2019ರ ಜೂನ್‌ನಲ್ಲಿ, ಪಂಪ್‌ವೆಲ್ ಮೇಲ್ಸೇತುವೆ ಸುಮಾರು ಹತ್ತು ವರ್ಷ ಜನರನ್ನು ಕಾಯಿಸಿ 2020ರ ಜನವರಿ 31ರಂದು ತೆರೆಯಿತು. ಅದರಿಂದ ದಾರಿ ಸುಧಾರಿಸಿದ್ದು ನಿಜ, ಆದರೆ ಮುಂದಿನ ನಂತೂರು ಜಂಕ್ಷನ್‌ನ ಕಟ್ಟು ಹಾಗೇ ಉಳಿಯಿತು.

ಹಾಗಾಗಿ ಮೊದಲು ಕೇಳಬೇಕಾದ್ದು ‘ಕೆಲಸ ಮಂಗಳೂರಿನಲ್ಲಿ’ ಎಂದರೆ ಮಂಗಳೂರಿನ ಯಾವ ಮೂಲೆಯಲ್ಲಿ ಎಂದು. ಹಂಪನಕಟ್ಟೆ, ಬಂದರ್, ಅತ್ತಾವರ, ಕಂಕನಾಡಿಯಲ್ಲಾದರೆ ದಕ್ಷಿಣದ ಉಪನಗರಗಳು ಸರಿಯಾಗಿ ಹೊಂದುತ್ತವೆ, ಒಂದೇ ಸೇತುವೆ ದಾಟಿದರೆ ಮುಗಿಯಿತು. ಆದರೆ ಬೈಕಂಪಾಡಿ ಕೈಗಾರಿಕಾ ಪ್ರದೇಶ, ಪಣಂಬೂರು ಬಂದರು, ಎಂಆರ್‌ಪಿಎಲ್ ಕಡೆ ಕೆಲಸ ಇದ್ದವರು ಉಪ್ಪಳದಲ್ಲೋ ದೇರಳಕಟ್ಟೆಯಲ್ಲೋ ಮನೆ ಮಾಡಿದರೆ ದಿನಾ ನೇತ್ರಾವತಿ, ಪಂಪ್‌ವೆಲ್, ನಂತೂರು, ಕೊಟ್ಟಾರ ಚೌಕಿ, ಕೂಳೂರು ಸೇತುವೆ – ಇಷ್ಟನ್ನೂ ಎರಡೆರಡು ಸಲ ದಾಟಬೇಕು. ಅವರಿಗೆ ಕೃಷ್ಣಾಪುರ, ಕಾಟಿಪಳ್ಳ, ಸುರತ್ಕಲ್ ಎಷ್ಟೋ ಮೇಲು. ಕಾಟಿಪಳ್ಳ, ಕೃಷ್ಣಾಪುರಗಳು ಬೆಳೆದದ್ದೇ ಪಣಂಬೂರಿನಲ್ಲಿ ನವಮಂಗಳೂರು ಬಂದರಿಗಾಗಿ ಜಾಗ ಕಳೆದುಕೊಂಡವರ ಪುನರ್ವಸತಿಯಿಂದ. ಬಂದರಿಗೆ ಮನೆ ಬಿಟ್ಟುಕೊಟ್ಟವರ ಮೊಮ್ಮಕ್ಕಳು ಇವತ್ತು ಅದೇ ಬಂದರಿನ ಸುತ್ತ ಕೆಲಸಕ್ಕೆ ಹತ್ತೇ ನಿಮಿಷದಲ್ಲಿ ಹೋಗುವುದು ವಿಚಿತ್ರ, ಆದರೆ ಹಾಗೇ ಉಂಟು.

ಪೂರ್ವದ ದಾರಿಯನ್ನು ನಮ್ಮವರು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಜಿಲ್ಲಾಧಿಕಾರಿ ಕಚೇರಿ 2025ರ ಮೇ ತಿಂಗಳಲ್ಲಿ ಉದ್ಘಾಟನೆಗೊಂಡ ಪಡೀಲಿನ ಹೊಸ ಸಂಕೀರ್ಣಕ್ಕೆ ಬಂದ ಮೇಲೆ ಕಣ್ಣೂರು, ಅಡ್ಯಾರ್, ಫರಂಗಿಪೇಟೆ, ತುಂಬೆಯವರಿಗೆ ಆ ಭಾಗದ ಕೆಲಸ ಹತ್ತಿರವಾಗಿದೆ. ಅವರು ನೇತ್ರಾವತಿ ಸೇತುವೆಯನ್ನು ಮುಟ್ಟಬೇಕಾಗಿಯೇ ಇಲ್ಲ. ಹರೇಕಳ–ಅಡ್ಯಾರ್ ನಡುವೆ ಸೇತುವೆ ಸಹಿತ ಕಿಂಡಿ ಅಣೆಕಟ್ಟು ಆದ ಮೇಲೆ, ಹಿಂದೆ ದೋಣಿಯಲ್ಲಿ ದಾಟುತ್ತಿದ್ದ ಹರೇಕಳ, ಪಾವೂರು ಕಡೆಯವರಿಗೂ ತೊಕ್ಕೊಟ್ಟಿಗೆ ಸುತ್ತಿ ಬರುವುದು ತಪ್ಪಿದೆ.

ಇನ್ನು ದೇರಳಕಟ್ಟೆಯ ಮೆಡಿಕಲ್ ಕಾಲೇಜುಗಳು, ಕೊಣಾಜೆಯ ವಿಶ್ವವಿದ್ಯಾನಿಲಯ, ಮುಡಿಪುವಿನ ಇನ್ಫೋಸಿಸ್ ಕ್ಯಾಂಪಸ್‌ನಲ್ಲಿ ಕೆಲಸ ಇರುವವರು ನಗರದಲ್ಲಿ ಬಾಡಿಗೆ ಕೊಟ್ಟು ಕೂರುವುದರಲ್ಲಿ ಅರ್ಥವಿಲ್ಲ. ಅವರ ಕೆಲಸವೇ ಉಪನಗರದಲ್ಲಿದೆ.

ತಲಪಾಡಿ ದಾಟಿದರೆ

ಗಡಿ ದಾಟಿದ ಕೂಡಲೇ ಬಾಡಿಗೆ ಇಳಿಯುತ್ತದೆ ಎಂಬುದು ಎಲ್ಲರೂ ಹೇಳುವ ಮಾತು. ಕುಂಜತ್ತೂರು, ಹೊಸಂಗಡಿ, ಉಪ್ಪಳದಲ್ಲಿ ಫ್ಲ್ಯಾಟ್‌ಗಳಿಗೆ ಕೊರತೆಯಿಲ್ಲ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿ.ಮೀ. ರಾಷ್ಟ್ರೀಯ ಹೆದ್ದಾರಿ 66 ಷಟ್ಪಥವಾದ ಮೇಲೆ ಓಡಾಟದ ಸಮಯವೂ ಕಡಿಮೆಯಾಗಿದೆ. ಆದರೆ ಆರು ಲೇನ್‌ಗಳಲ್ಲಿ ಓಡಿ ಬಂದ ವಾಹನ ತಲಪಾಡಿಯಲ್ಲಿ ನಾಲ್ಕು ಲೇನ್‌ಗೆ ಇಳಿಯುತ್ತದೆ. ಅಲ್ಲಿಂದ ಕೆ.ಸಿ.ರೋಡ್, ಕೋಟೆಕಾರ್ ಬೀರಿ, ಕೊಲ್ಯದ ತೆರೆದ ಜಂಕ್ಷನ್‌ಗಳನ್ನು ದಾಟಿಯೇ ಬರಬೇಕು. ಷಟ್ಪಥದ ಪಕ್ಕದ ಮನೆ ಎಂದ ಮಾತ್ರಕ್ಕೆ ಹೆದ್ದಾರಿ ಅಂಗಳದಲ್ಲೇ ಸಿಗುವುದೂ ಇಲ್ಲ. ಮುಖ್ಯ ರಸ್ತೆಗೆ ಹತ್ತಲು, ಇಳಿಯಲು ಗೊತ್ತುಪಡಿಸಿದ ಜಾಗಗಳೇ ಇವೆ, ಉಳಿದದ್ದೆಲ್ಲ ಸರ್ವಿಸ್ ರಸ್ತೆ. ಮನೆ ನೋಡಲು ಹೋದವರು ಬಸ್ ನಿಲ್ಲುವುದು ಯಾವ ಬದಿಯಲ್ಲಿ, ಅಂಡರ್‌ಪಾಸ್ ಎಷ್ಟು ದೂರ ಎಂದು ನಡೆದೇ ನೋಡಬೇಕು. ರಾತ್ರಿ ಉಮ್ಮನನ್ನೋ ಹೆಂಡತಿಯನ್ನೋ ಬಸ್ಸಿನಿಂದ ಇಳಿಸಿಕೊಳ್ಳುವಾಗ ಈ ದೂರ ಗೊತ್ತಾಗುತ್ತದೆ.

ತಲಪಾಡಿ ಟೋಲ್‌ಗೇಟ್ ಗಡಿಗೆ ತಾಗಿಕೊಂಡೇ ಕರ್ನಾಟಕದ ಬದಿಯಲ್ಲಿದೆ. ಕೆ.ಸಿ.ರೋಡಿನವರಿಗೆ ಅದು ದಾರಿಯಲ್ಲಿ ಸಿಗುವುದಿಲ್ಲ, ಕುಂಜತ್ತೂರಿನವರಿಗೆ ದಿನಕ್ಕೆ ಎರಡು ಸಲ ಸಿಗುತ್ತದೆ. ಬೈಕ್, ಸ್ಕೂಟರ್‌ಗೆ ಟೋಲ್ ಇಲ್ಲ. ಕಾರು ಇದ್ದರೆ, ಟೋಲ್‌ಗೇಟಿನಿಂದ 20 ಕಿ.ಮೀ. ಒಳಗೆ ವಾಸವಿರುವವರ ಸ್ವಂತ ಬಳಕೆಯ ವಾಹನಕ್ಕೆ ಕಡಿಮೆ ದರದ ತಿಂಗಳ ಪಾಸ್ ಮಾಡಿಸಿಕೊಳ್ಳಬಹುದು. ವಿಳಾಸದ ದಾಖಲೆ ಕೇಳುತ್ತಾರೆ, ಆದ್ದರಿಂದ ಬಾಡಿಗೆ ಕರಾರುಪತ್ರವನ್ನು ಬಾಯಿಮಾತಿನಲ್ಲಿ ಮುಗಿಸಬಾರದು. 2025ರ ಆಗಸ್ಟ್ 15ರಿಂದ 200 ಟ್ರಿಪ್‌ಗಳ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಕೂಡ ಬಂದಿದೆ, ಆರಂಭದಲ್ಲಿ ಅದರ ದರ 3,000 ರೂಪಾಯಿ ಇತ್ತು. ಆದರೆ ದಿನಾ ಹೋಗಿ ಬರುವವರಿಗೆ 200 ಟ್ರಿಪ್ ನಾಲ್ಕು ತಿಂಗಳಲ್ಲೇ ಮುಗಿಯುತ್ತದೆ. ಅವರಿಗೆ ಸ್ಥಳೀಯ ಪಾಸೇ ಲಾಭ.

ಬಸ್ಸಿನ ಕಥೆ ಬೇರೆ. ಸ್ಟೇಟ್‌ಬ್ಯಾಂಕಿನಿಂದ ಬರುವ ಸಿಟಿ ಬಸ್ ತಲಪಾಡಿಯಲ್ಲಿ ತಿರುಗುತ್ತದೆ. ಅಲ್ಲಿಂದ ಮುಂದೆ ಕೇರಳದ ಬಸ್ ಹತ್ತಬೇಕು, ಇಲ್ಲವೇ ಮಂಗಳೂರು–ಕಾಸರಗೋಡು ನಡುವೆ ಓಡುವ ಎರಡೂ ರಾಜ್ಯಗಳ ಸಾರಿಗೆ ಬಸ್ಸುಗಳನ್ನು ಕಾಯಬೇಕು. ಕರ್ನಾಟಕದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಕರ್ನಾಟಕದ ನಿವಾಸಿ ಮಹಿಳೆಯರಿಗೆ, ಸರಕಾರಿ ಬಸ್ಸುಗಳಲ್ಲಿ. ಮಂಗಳೂರಿನ ಸಿಟಿ ಬಸ್ಸುಗಳು ಹೆಚ್ಚಿನವು ಖಾಸಗಿ ಆಗಿರುವುದರಿಂದ ಗಡಿಯ ಈಚೆ ಇದ್ದರೂ ಅದರ ಪ್ರಯೋಜನ ಸೀಮಿತ. ಆಸ್ಪತ್ರೆ, ಮಾಲ್‌ಗಳಲ್ಲಿ ಸೆಕೆಂಡ್ ಶಿಫ್ಟ್ ಇರುವವರು ಮನೆ ನೋಡುವ ಮೊದಲು ಕೊನೆಯ ಬಸ್ ಎಷ್ಟು ಗಂಟೆಗೆ ಎಂದು ನಿರ್ವಾಹಕರಲ್ಲೇ ಕೇಳುವುದು ಒಳ್ಳೆಯದು. ಬ್ರೋಕರ್ ಹೇಳುವ ‘ಬಸ್ ಯಾವಾಗಲೂ ಉಂಟು’ ಹಗಲಿನ ಮಾತು.

ಗಡಿಯಾಚೆ ಇರುವವರಿಗೆ ನಿಜವಾದ ಅನುಕೂಲ ರೈಲು. ಕುಂಬಳೆ, ಉಪ್ಪಳ, ಮಂಜೇಶ್ವರ, ಉಳ್ಳಾಲ ನಿಲ್ದಾಣಗಳಿಂದ ಪ್ಯಾಸೆಂಜರ್ ರೈಲು ಹತ್ತಿದರೆ ಪಂಪ್‌ವೆಲ್‌ನ ಟ್ರಾಫಿಕ್ ಇಲ್ಲ, ಟೋಲ್ ಇಲ್ಲ. ಮಂಗಳೂರು ಸೆಂಟ್ರಲ್‌ನಲ್ಲಿ ಇಳಿದರೆ ಹಂಪನಕಟ್ಟೆ, ಅತ್ತಾವರಕ್ಕೆ ನಡೆದೇ ಹೋಗಬಹುದು. ತಿಂಗಳ ಸೀಸನ್ ಟಿಕೆಟಿಗೆ ಬಸ್ಸಿಗಿಂತ ಬಹಳ ಕಡಿಮೆ ಖರ್ಚು. ಎರಡು ತೊಡಕುಗಳಿವೆ. ಎಕ್ಸ್‌ಪ್ರೆಸ್‌ಗಳು ಹೆಚ್ಚಿನವು ಸಣ್ಣ ನಿಲ್ದಾಣಗಳಲ್ಲಿ ನಿಲ್ಲುವುದಿಲ್ಲ, ಕೆಲವು ರೈಲುಗಳು ಸೆಂಟ್ರಲ್‌ಗೆ ಬಾರದೆ ಜಂಕ್ಷನ್‌ನಿಂದಲೇ ಹೋಗುತ್ತವೆ. ಕೆಲಸದ ಸಮಯ ರೈಲಿನ ಸಮಯಕ್ಕೆ ಹೊಂದಿದವರಿಗೆ ಮಾತ್ರ ಇದು ದಾರಿ. ಹೊಂದಿದರೆ ಇದಕ್ಕಿಂತ ಉತ್ತಮ ದಾರಿ ಇನ್ನೊಂದಿಲ್ಲ.

ಗಡಿಯಲ್ಲಿ ಬಾಡಿಗೆ ಕಡಿಮೆ ಎನ್ನುವವರು 2020ನ್ನು ಮರೆಯಬಾರದು. ಕೋವಿಡ್ ಸಮಯದಲ್ಲಿ ಆ ವರ್ಷದ ಮಾರ್ಚ್‌ನಲ್ಲಿ ಕರ್ನಾಟಕ ತಲಪಾಡಿ ಗಡಿಯನ್ನು ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಸುರಿಯಲಾಯಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಮಂಜೇಶ್ವರ, ಕಾಸರಗೋಡಿನ ರೋಗಿಗಳು ದಾರಿ ಸಿಗದೆ ತೀರಿಹೋದರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತಡೆ ತೆರವುಗೊಳಿಸಲು ಕೇಂದ್ರಕ್ಕೆ ಆದೇಶಿಸಿ, ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ದಿನಾ ಹೋಗಿ ಬರುತ್ತಿದ್ದ ಎಷ್ಟೋ ಮಂದಿ ತಿಂಗಳುಗಟ್ಟಲೆ ಕೆಲಸಕ್ಕೆ ಹೋಗಲಾಗದೆ ಕುಳಿತರು. 2021ರಲ್ಲಿ ಮತ್ತೆ ಆರ್‌ಟಿ–ಪಿಸಿಆರ್ ಸರ್ಟಿಫಿಕೇಟ್ ಕೇಳಿದರು. ಹಾಗೆಂದು ಗಡಿಯಾಚೆ ಮನೆ ಮಾಡಲೇಬಾರದು ಎಂದಲ್ಲ. ಮನೆಯಲ್ಲಿ ಡಯಾಲಿಸಿಸ್‌ನವರು, ಹೃದ್ರೋಗಿಗಳು ಇದ್ದರೆ ಈ ವಿಷಯವನ್ನು ಒಂದು ತೂಕ ಹೆಚ್ಚಾಗಿಯೇ ನೋಡಬೇಕು.

ಮಕ್ಕಳ ಕಾಗದಪತ್ರ

ಮನೆ ಆರಿಸುವಾಗ ಯಾರೂ ಯೋಚಿಸದ, ಹತ್ತು ವರ್ಷದ ನಂತರ ಎಲ್ಲರೂ ಪೇಚಾಡುವ ವಿಷಯ ಇದು. ಕರ್ನಾಟಕದಲ್ಲಿ ಕೆಸಿಇಟಿ ಮೂಲಕ ವೃತ್ತಿಪರ ಕೋರ್ಸ್‌ನ ಸರಕಾರಿ ಸೀಟು ಬೇಕಾದರೆ ಮುಖ್ಯ ಅರ್ಹತೆ, ವಿದ್ಯಾರ್ಥಿ ರಾಜ್ಯದಲ್ಲಿ ಕನಿಷ್ಠ 7 ವರ್ಷ ಓದಿರಬೇಕು. ಅಂದರೆ ಲೆಕ್ಕಕ್ಕೆ ಬರುವುದು ಶಾಲೆ ಎಲ್ಲಿದೆ ಎಂಬುದು. ಕುಂಜತ್ತೂರಿನಲ್ಲಿ ಮನೆ ಇದ್ದು ಮಗು ತಲಪಾಡಿಯಲ್ಲೋ ಕೆ.ಸಿ.ರೋಡಿನಲ್ಲೋ ಓದಿದರೆ ಆ ವರ್ಷಗಳು ಸಿಗುತ್ತವೆ. ಹತ್ತನೇ ತರಗತಿಯವರೆಗೆ ಕೇರಳದಲ್ಲಿ ಓದಿಸಿ ಪಿಯುಸಿಗೆ ಮಾತ್ರ ಮಂಗಳೂರಿಗೆ ಕಳುಹಿಸಿದರೆ 7 ವರ್ಷ ಆಗುವುದಿಲ್ಲ. ಗಡಿನಾಡು ಕನ್ನಡಿಗರಿಗೆ ಬೇರೆ ಕಲಂ ಇದೆ. ಅದರ ಮಾತೃಭಾಷೆ, ದಾಖಲೆಗಳ ಷರತ್ತನ್ನು ಆಯಾ ವರ್ಷದ ಮಾಹಿತಿ ಪುಸ್ತಕದಲ್ಲೇ ಓದಬೇಕು, ಬಸ್ ಸ್ಟ್ಯಾಂಡಿನಲ್ಲಿ ಕೇಳಿದ್ದನ್ನು ನಂಬಬಾರದು.

ಮೀಸಲಾತಿ ಇನ್ನೊಂದು. ಕರ್ನಾಟಕದ 2ಬಿ ಪ್ರಮಾಣಪತ್ರವನ್ನು ಕೊಡುವುದು ಇಲ್ಲಿನ ತಹಶೀಲ್ದಾರರು, ವಾಸಸ್ಥಳ ನೋಡಿ. ಕೇರಳದ ವಿಲೇಜ್ ಆಫೀಸಿನ ಪತ್ರಕ್ಕೆ ಇಲ್ಲಿ ಬೆಲೆ ಇಲ್ಲ, ಇಲ್ಲಿಯದಕ್ಕೆ ಅಲ್ಲಿ ಇಲ್ಲ. ಆಧಾರ್ ಒಂದು ರಾಜ್ಯದಲ್ಲಿ, ರೇಷನ್ ಕಾರ್ಡ್ ಇನ್ನೊಂದರಲ್ಲಿ, ಶಾಲೆ ಮತ್ತೊಂದರಲ್ಲಿ ಎಂದು ಇಟ್ಟುಕೊಂಡ ಕುಟುಂಬಗಳಿಗೆ ಎರಡೂ ಕಡೆ ಸಿಗದ ಪರಿಸ್ಥಿತಿ ಬಂದದ್ದುಂಟು. ಗಡಿಯಾಚೆ ಕನ್ನಡ ಮಾಧ್ಯಮದಲ್ಲೇ ಓದಿಸಬೇಕು ಎನ್ನುವವರು, ಮಲಯಾಳಂ ಕಲಿಕೆ ಕಡ್ಡಾಯ ಮಾಡಿದ 2017ರ ಕಾಯ್ದೆಯ ನಂತರ ಆ ಶಾಲೆಯಲ್ಲಿ ಕನ್ನಡ ಬಲ್ಲ ಶಿಕ್ಷಕರು ಎಷ್ಟಿದ್ದಾರೆ ಎಂದು ವಿಚಾರಿಸಬೇಕು. ಮದ್ರಸದ ಚಿಂತೆ ಕಡಿಮೆ. ಸಮಸ್ತದ ಪಠ್ಯಕ್ರಮ ಗಡಿಯ ಎರಡೂ ಕಡೆ ಒಂದೇ.

ಜಮಾಅತ್ ಮತ್ತು ನೆರೆಹೊರೆ

ನಗರದ ಕೆಲವು ಕಡೆ ಫೋನಿನಲ್ಲಿ ‘ಮನೆ ಖಾಲಿ ಉಂಟು’ ಎಂದವರು ಹೆಸರು ಕೇಳಿದ ಮೇಲೆ ‘ಈಗಷ್ಟೇ ಬೇರೆಯವರಿಗೆ ಕೊಟ್ಟಾಯಿತು’ ಎನ್ನುವುದು ನಮ್ಮವರಿಗೆ ಹೊಸ ಅನುಭವವಲ್ಲ. ಹಾಗಾಗಿಯೇ ಎಲ್ಲರೂ ಅದೇ ಏಳೆಂಟು ಊರುಗಳಿಗೆ ಬರುತ್ತಾರೆ, ಅಲ್ಲಿ ಬಾಡಿಗೆ ಏರುತ್ತದೆ, ನೀರು ಸಾಲುವುದಿಲ್ಲ. ಆಯ್ಕೆ ಪೂರ್ತಿ ನಮ್ಮ ಕೈಯಲ್ಲಿದೆ ಎಂದು ಹೇಳುವುದು ಸುಳ್ಳಾಗುತ್ತದೆ.

ಹೊಸ ಊರಿಗೆ ಬಂದವರು ಮೂಲ ಊರಿನ ಜಮಾಅತ್‌ಗೆ ವಂತಿಗೆ ಕಟ್ಟುತ್ತಾ ಇಲ್ಲಿ ಹೆಸರು ನೋಂದಾಯಿಸದೆ ವರ್ಷಗಟ್ಟಲೆ ಕಳೆಯುತ್ತಾರೆ. ನಿಕಾಹ್ ಸಮಯದಲ್ಲಿ ಪತ್ರ ಬೇಕಾದಾಗ, ಮನೆಯಲ್ಲಿ ಮರಣ ಸಂಭವಿಸಿ ಖಬರಸ್ತಾನದ ವಿಷಯ ಬಂದಾಗ ಓಡಾಟ ಶುರು. ಮನೆ ಮಾಡಿದ ಮೊದಲ ತಿಂಗಳಲ್ಲೇ ಮಸೀದಿಯ ಕಮಿಟಿಯವರನ್ನು ಕಂಡು ಮಾತಾಡಿದರೆ ಮುಗಿಯುವ ಕೆಲಸ ಅದು.

ಜಾಗ ಖರೀದಿಸುವವರಿಗೆ

ಬಾಡಿಗೆ ಮನೆ ಸರಿಬಾರದಿದ್ದರೆ ಬಿಡಬಹುದು, ಸೈಟ್ ಹಾಗಲ್ಲ. ಉಳ್ಳಾಲ ತಾಲೂಕಿನ ಒಳಭಾಗದಲ್ಲಿ ಗುಡ್ಡ ಕಡಿದು ಮಾಡಿದ ಸೈಟುಗಳೇ ಹೆಚ್ಚು. ಜೆಸಿಬಿಯಲ್ಲಿ ನೇರ ಕೊರೆದ ಮಣ್ಣಿನ ಗೋಡೆಯ ಬುಡದಲ್ಲಿ ಮನೆ ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. 2024ರ ಜೂನ್‌ನಲ್ಲಿ ಕುತ್ತಾರು ಮದನಿ ನಗರದಲ್ಲಿ ಪಕ್ಕದ ಮನೆಯ ಕಂಪೌಂಡ್ ಗೋಡೆ ಬಿದ್ದು ಒಂದೇ ಕುಟುಂಬದ ನಾಲ್ವರು ತೀರಿಹೋದರು. 2025ರ ಮೇ ಕೊನೆಯಲ್ಲಿ ಮಂಜನಾಡಿಯ ಮೊಂಟೆಪದವಿನಲ್ಲಿ ಗುಡ್ಡ ಜರಿದು ಮನೆಯೊಳಗಿದ್ದ ಮಕ್ಕಳು, ಅಜ್ಜಿ ಮಣ್ಣಿನಡಿಯಾದರು. ಸೈಟ್ ನೋಡಲು ಹೋಗುವುದಾದರೆ ಜುಲೈಯಲ್ಲಿ, ಮಳೆ ಬರುವಾಗಲೇ ಹೋಗಬೇಕು. ಮೇಲಿನ ಜಾಗದ ನೀರು ಎಲ್ಲಿಗೆ ಇಳಿಯುತ್ತದೆ, ತಡೆಗೋಡೆ ಯಾರ ಜಾಗದಲ್ಲಿದೆ, ಅದರಲ್ಲಿ ನೀರು ಹೊರಹೋಗಲು ತೂತುಗಳಿವೆಯೇ ಎಂಬುದು ಆಗ ಕಣ್ಣಿಗೇ ಕಾಣುತ್ತದೆ. ಸಮುದ್ರದ ಕಡೆ, ಉಚ್ಚಿಲ ಬಟ್ಟಪಾಡಿಯಿಂದ ಉಪ್ಪಳದ ಮುಸೋಡಿವರೆಗೆ, ಕಡಲ್ಕೊರೆತದ ಭಯ. ಕಡಲಿನ ಹತ್ತಿರದ ಬಾವಿ ನೀರನ್ನು ಏಪ್ರಿಲ್–ಮೇ ತಿಂಗಳಲ್ಲಿ ಕುಡಿದು ನೋಡದೆ ಅಡ್ವಾನ್ಸ್ ಕೊಡಬಾರದು.

ದಾಖಲೆಯ ಬಗ್ಗೆ ಇಷ್ಟು: ಕರ್ನಾಟಕದಲ್ಲಿ ಪಂಚಾಯತ್ ವ್ಯಾಪ್ತಿಯಾದರೆ ಭೂಪರಿವರ್ತನೆ ಆಗಿದೆಯೇ, 9/11 ಸಿಕ್ಕಿದೆಯೇ ನೋಡಬೇಕು. ಉಳ್ಳಾಲ, ಸೋಮೇಶ್ವರ, ಕೋಟೆಕಾರ್‌ನಂಥ ನಗರ ಸ್ಥಳೀಯ ಸಂಸ್ಥೆಯಾದರೆ ಇ–ಖಾತಾ. ಕೇರಳದಲ್ಲಿ ಗದ್ದೆ, ಜೌಗು ಭೂಮಿ ಸಂರಕ್ಷಣೆಯ 2008ರ ಕಾಯ್ದೆಯಡಿ ಜಾಗ ‘ಡೇಟಾ ಬ್ಯಾಂಕ್’ ಪಟ್ಟಿಯಲ್ಲಿ ಗದ್ದೆ ಎಂದು ಸೇರಿದ್ದರೆ ಮನೆ ಕಟ್ಟಲು ಅನುಮತಿ ಸಿಗುವುದು ಕಷ್ಟ. ತೆಂಗಿನ ಸಸಿ ನೆಟ್ಟು ತೋಟದಂತೆ ಕಾಣುವ ಜಾಗವೂ ದಾಖಲೆಯಲ್ಲಿ ಗದ್ದೆಯಾಗಿರಬಹುದು. ಕೃಷಿಭವನದಲ್ಲಿ ಸರ್ವೆ ನಂಬರ್ ಕೊಟ್ಟು ವಿಚಾರಿಸಿದರೆ ತಿಳಿಯುತ್ತದೆ.

ಬಾಡಿಗೆಗೆ ಹೋಗುವವರು ಲೆಕ್ಕವನ್ನು ಹೀಗೆ ಹಾಕಬಹುದು. ದೂರದ ಮನೆಯಲ್ಲಿ ತಿಂಗಳಿಗೆ 4,000 ರೂಪಾಯಿ ಉಳಿಯುತ್ತದೆ, ಪ್ರಯಾಣ ಹೋಗುವಾಗ ಒಂದು ಗಂಟೆ, ಬರುವಾಗ ಒಂದು ಗಂಟೆ ಹೆಚ್ಚು ಎಂದಿಟ್ಟುಕೊಳ್ಳಿ. 26 ದಿನಕ್ಕೆ 52 ಗಂಟೆ. ಪೆಟ್ರೋಲು, ಟೋಲ್ ಕಳೆದರೆ ಉಳಿದದ್ದು 2,000 ಆದೀತು. ಆ 52 ಗಂಟೆಯಲ್ಲಿ ಮಗ್ರಿಬ್‌ನ ಹೊತ್ತಿಗೆ ಮನೆ ಸೇರುವುದೂ, ಮಕ್ಕಳು ಮಲಗುವ ಮುಂಚೆ ಅವರ ಮುಖ ನೋಡುವುದೂ ಸೇರಿದೆ. ಅಡ್ವಾನ್ಸ್ ಕೊಡುವ ಮೊದಲು ಒಂದು ಸೋಮವಾರ ಬೆಳಗ್ಗೆ ಎಂಟಕ್ಕೆ ಆ ಮನೆಯ ಬಾಗಿಲಿನಿಂದ ಹೊರಟು ಕೆಲಸದ ಜಾಗ ಸೇರಿ, ಸಂಜೆ ಆರೂವರೆಗೆ ಅದೇ ದಾರಿಯಲ್ಲಿ ಮರಳಿ ನೋಡಬೇಕು. ರವಿವಾರ ಮಧ್ಯಾಹ್ನ ಬ್ರೋಕರ್‌ನ ಕಾರಿನಲ್ಲಿ ಹೋದರೆ ಉಪ್ಪಳವೂ ಪಂಪ್‌ವೆಲ್‌ನ ಪಕ್ಕದಲ್ಲೇ ಇದ್ದಂತೆ ಕಾಣುತ್ತದೆ.